ಕುರ್‌ಆನ್ ಓದುವ ಅಜ್ಜಿಗೆ ಕಾಗುಣಿತ ಕಲಿಸುವವರಾರು?

ತಿಂಗಳ ಮೊದಲ ವಾರ. ಗಜೇಂದ್ರಗಡ ಪಟ್ಟಣದ ಬ್ಯಾಂಕೊಂದರಲ್ಲಿ ಉದ್ದನೆಯ ಸಾಲು. ವೃದ್ಧಾಪ್ಯ ವೇತನದ ಹಣ ಪಡೆಯಲು ಸಮೀಪದ ರಾಜೂರದಿಂದ ಬಂದಿದ್ದ ವೃದ್ಧೆಯೊಬ್ಬರು ಹಣ ತೆಗೆಯುವ ಚೀಟಿಯನ್ನು ನಮ್ಮ ಕೈಗಿತ್ತು, ತುಂಬಿಕೊಡುವಂತೆ ವಿನಂತಿಸಿದರು. ತುಂಬಿಕೊಟ್ಟೆವು. ಸಹಿಯ ಜಾಗಕ್ಕೆ ಬಂದಾಗ ಅವರು ಎಡಗೈಯ ಹೆಬ್ಬೆರಳನ್ನು ಮುಂದೆ ಚಾಚಿದರು. ಮಸಿಯ ಡಬ್ಬಿ ಬಂತು, ಗುರುತು ಬಿತ್ತು. ಬಳಿಕ ಸೆರಗಿನ ಅಂಚಿನಲ್ಲಿ ಬೆರಳನ್ನು ಒರೆಸಿಕೊಳ್ಳುತ್ತಾ ಅವರು ಹೇಳಿದ ಮಾತು ಇಂದಿಗೂ ನಮ್ಮನ್ನು ಕಾಡುತ್ತಿದೆ: “ತಮ್ಮಾ, ದಿನಾ ಫಜರ್ ಆದಮ್ಯಾಲೆ ಕುರ್‌ಆನ್ ಓದತೀನಿ. ಈ ಚೀಟಿ ಓದಾಕ ಮಾತ್ರ ಬರೂದಿಲ್ಲ.”

ಈ ತಾಯಿಯನ್ನು ಏನೆಂದು ಕರೆಯಬೇಕು? ಅಕ್ಷರಸ್ಥೆಯೆಂದೋ, ಅನಕ್ಷರಸ್ಥೆಯೆಂದೋ? ಜನಗಣತಿಯ ವ್ಯಾಖ್ಯೆಯಲ್ಲಿ ಸಂದಿಗ್ಧವಿಲ್ಲ. ಯಾವುದಾದರೊಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲ, ಏಳು ವರ್ಷ ಮೇಲ್ಪಟ್ಟ ವ್ಯಕ್ತಿ ಮಾತ್ರ ಅಕ್ಷರಸ್ಥ. ಅರವತ್ತು ವರ್ಷಗಳ ಕಾಲ ಪವಿತ್ರ ಕುರ್‌ಆನನ್ನು ಪಠಿಸಿದ ಈ ಹಿರಿಯರು ಆ ಲೆಕ್ಕದಲ್ಲಿ ಅನಕ್ಷರಸ್ಥರ ಪಟ್ಟಿಗೆ ಸೇರುತ್ತಾರೆ. ಸರಕಾರದ ಕಣ್ಣಿಗೆ ಅವರು ಒಂದು ಹೆಬ್ಬೆರಳು. ಹಾಗಿದ್ದರೆ ನಮ್ಮ ಕಣ್ಣಿಗೆ ಅವರು ಯಾರು? ಈ ಪ್ರಶ್ನೆಯನ್ನು ಸಮುದಾಯವು ತನಗೆ ತಾನೇ ಕೇಳಿಕೊಳ್ಳಬೇಕಾದ ಕಾಲ ಬಂದಿದೆ.

ಅಂಕಿ ಅಂಶಗಳನ್ನು ಸ್ವಲ್ಪ ಗಮನಿಸೋಣ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10.38 ಕೋಟಿ. ಈ ಪ್ರಾಯದ ಪುರುಷರಲ್ಲಿ ಅಕ್ಷರ ಬಲ್ಲವರು ಶೇ. 59ರಷ್ಟಿದ್ದರೆ ಮಹಿಳೆಯರಲ್ಲಿ ಕೇವಲ ಶೇ. 28. ಅಂದರೆ ಹತ್ತು ಮಂದಿ ಅಜ್ಜಿಯರಲ್ಲಿ ಏಳು ಮಂದಿ ಹೆಬ್ಬೆಟ್ಟಿನವರು. ಮುಸ್ಲಿಮರ ಒಟ್ಟು ಸಾಕ್ಷರತೆ ಶೇ. 68.5 ಆಗಿದ್ದು, ಅದು ದೇಶದ ಸರಾಸರಿಯಾದ ಶೇ. 73ಕ್ಕಿಂತ ಕೆಳಗಿದೆ. ಸಾಚಾರ್ ಸಮಿತಿಯು 2006ರಲ್ಲಿ ಕನ್ನಡಿ ಹಿಡಿದು ತೋರಿಸಿದ ಮೇಲೆ ನಾವು ಮಕ್ಕಳ ಶಿಕ್ಷಣದ ಬಗ್ಗೆ ಎಚ್ಚೆತ್ತುಕೊಂಡೆವು. ಅದು ಅಭಿನಂದನಾರ್ಹ. ಆದರೆ ಆ ಮಕ್ಕಳನ್ನು ಹೆತ್ತವರ, ಹೆತ್ತವರನ್ನು ಹೆತ್ತವರ ವಿಷಯ ನಮ್ಮ ಚರ್ಚೆಯಲ್ಲಿ ಎಂದಾದರೂ ಬಂದಿದೆಯೇ?

ಸರಕಾರದ ಕಡೆಯಿಂದ ಯೋಜನೆಗಳು ಬಂದಿಲ್ಲವೆಂದಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. 1990ರ ಆಸುಪಾಸಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆಯಿತು. 2009ರಲ್ಲಿ ‘ಸಾಕ್ಷರ ಭಾರತ’ ಬಂತು. ಅದರಡಿಯಲ್ಲಿ 2014ರಲ್ಲಿ ‘ಮೌಲಾನಾ ಆಝಾದ್ ತಾಲೀಮೆ ಬಾಲಿಗಾನ್’ ಎಂಬ ಹೆಸರಿನಲ್ಲಿ ಒಂದು ಕೋಟಿ ಮುಸ್ಲಿಂ ವಯಸ್ಕರಿಗೆ ಅಕ್ಷರ ಕಲಿಸುವ ಗುರಿಯನ್ನು ಘೋಷಿಸಲಾಯಿತು. ‘ಸಾಕ್ಷರ ಭಾರತ’ವು 2018ರ ಮಾರ್ಚ್‌ನಲ್ಲಿ ಮುಕ್ತಾಯ ಕಂಡಿತು. ಅಂಥ ಯೋಜನೆಯೊಂದು ಇತ್ತೆಂಬುದಾದರೂ ನಮ್ಮ ಎಷ್ಟು ಮಸೀದಿ ಕಮಿಟಿಗಳಿಗೆ ತಿಳಿದಿತ್ತು? ಮೌಲಾನಾ ಆಝಾದರ ಹೆಸರಿನ ಯೋಜನೆಗಾಗಿ ಬಾಗಿಲು ತೆರೆಯದ ನಾವು, ಅದು ನಿಂತಾಗ ದೂರಲೂ ಇಲ್ಲ. ಗೊತ್ತಿಲ್ಲದ್ದಕ್ಕೆ ದೂರುವುದಾದರೂ ಹೇಗೆ?

ಆ ಬಳಿಕ ಬಂದದ್ದು ‘ಉಲ್ಲಾಸ್’ ಎಂದು ಕರೆಯಲಾಗುವ ನವ ಭಾರತ ಸಾಕ್ಷರತಾ ಕಾರ್ಯಕ್ರಮ. 2022ರಿಂದ 2027ರ ಮಾರ್ಚ್‌ವರೆಗಿನ ಅವಧಿ, 1,037.90 ಕೋಟಿ ರೂಪಾಯಿಗಳ ವೆಚ್ಚ, ಐದು ಕೋಟಿ ಕಲಿಕಾರ್ಥಿಗಳ ಗುರಿ. 15 ವರ್ಷ ಮೇಲ್ಪಟ್ಟ ಯಾರೂ ಸೇರಬಹುದು. ಓದು, ಬರಹ, ಲೆಕ್ಕವಷ್ಟೇ ಅಲ್ಲದೆ ಹಣಕಾಸು, ಆರೋಗ್ಯ, ಮೊಬೈಲ್ ಬಳಕೆಯಂಥ ಜೀವನ ಕೌಶಲಗಳು, ವೃತ್ತಿ ಕೌಶಲ, ಮುಂದುವರಿಕೆ ಶಿಕ್ಷಣ ಎಲ್ಲವೂ ಇದರ ಅಂಗಗಳು. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಕೊನೆಯಲ್ಲಿ ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50 ಎಂಬಂತೆ 150 ಅಂಕಗಳ ಪರೀಕ್ಷೆ. ಉತ್ತೀರ್ಣರಾದವರಿಗೆ ಪ್ರಮಾಣ ಪತ್ರ. ನಮ್ಮ ರಾಜ್ಯದಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯ ಇದನ್ನು ನಿರ್ವಹಿಸುತ್ತದೆ. ಬದುಕಿನುದ್ದಕ್ಕೂ ಕಲಿಕೆ ಎಂಬುದೇ ಇದರ ಘೋಷಣೆ.

ಘೋಷಣೆ ಚೆನ್ನಾಗಿದೆ. ಆದರೆ ಮಾರ್ಗಸೂಚಿಯನ್ನು ಗಮನವಿಟ್ಟು ಓದಿದರೆ ಇನ್ನೊಂದು ಸತ್ಯ ಎದುರಾಗುತ್ತದೆ. ಮೊದಲು 15ರಿಂದ 35 ವಯಸ್ಸಿನವರು, ಆ ಬಳಿಕವಷ್ಟೇ 35 ದಾಟಿದವರು ಎಂಬ ಆದ್ಯತೆ ಅದರಲ್ಲಿದೆ. ಶೇ. 95ರಷ್ಟು ಸಾಕ್ಷರತೆ ಸಾಧಿಸಿದರೆ ಒಂದು ರಾಜ್ಯವನ್ನು ‘ಸಂಪೂರ್ಣ ಸಾಕ್ಷರ’ ಎಂದು ಘೋಷಿಸಬಹುದೆಂಬ ಮಾನದಂಡವನ್ನೂ ಕೇಂದ್ರ ಸರಕಾರ ನಿಗದಿಪಡಿಸಿದೆ. ಉಳಿದ ಶೇ. 5 ಯಾರು? ಯುವಕರಂತೂ ಅಲ್ಲ. ಬಹುಪಾಲು ರಾಜೂರದ ಆ ಅಜ್ಜಿಯಂಥವರೇ. ಉದ್ಯೋಗಕ್ಕೆ ಬಾರದವರು, ಉತ್ಪಾದನೆಯ ಲೆಕ್ಕಕ್ಕೆ ಸಿಗದವರು. ಸಂಭ್ರಮಾಚರಣೆಯ ದಿನ ಅವರನ್ನು ಬಿಟ್ಟೇ ಘೋಷಣೆ ಹೊರಡಿಸಲು ನಿಯಮದಲ್ಲಿಯೇ ಅವಕಾಶವಿದೆ. ಅಕ್ಷರವು ಹಕ್ಕೇ ಆಗಿದ್ದರೆ ಅದಕ್ಕೆ ವಯಸ್ಸಿನ ಸರದಿ ಏಕೆ? ಪ್ರಭುತ್ವವು ಈ ಪ್ರಶ್ನೆಗೆ ಉತ್ತರಿಸಬೇಕು.

ಆದರೆ ಬೆರಳನ್ನು ಸರಕಾರದ ಕಡೆಗಷ್ಟೇ ತೋರಿಸಿ ಕೈ ತೊಳೆದುಕೊಳ್ಳುವುದು ಪ್ರಾಮಾಣಿಕತೆಯಲ್ಲ. ನಮ್ಮ ಊರುಗಳನ್ನೇ ನೋಡೋಣ. ಹತ್ತನೇ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಸನ್ಮಾನ ಮಾಡುತ್ತೇವೆ. ವಿದ್ಯಾರ್ಥಿ ವೇತನ ಕೊಡುತ್ತೇವೆ. ಹಿರಿಯರ ಪಾಲಿಗೆ ನಾವು ಇಟ್ಟಿರುವುದೇನು? ಮಸೀದಿಯ ಮೊದಲ ಸಾಲಿನಲ್ಲಿ ಒಂದು ಕುರ್ಚಿ, ಮದುವೆಯಲ್ಲಿ ಒಂದು ಗೌರವದ ಸಲಾಂ. ಹಿರಿಯ ಹೆಂಗಸರ ಪಾಲಿಗೆ ಅದೂ ಇಲ್ಲ; ಅಡುಗೆ ಮನೆಯ ಮೂಲೆಯೊಂದೇ ಇದೆ. ಇನ್ನೇನು ಕಲಿಯುವುದು, ಅಲ್ಲಾಹನ ಸ್ಮರಣೆಯಲ್ಲಿ ಉಳಿದ ದಿನ ಕಳೆದರಾಯಿತು ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಮೇಲ್ನೋಟಕ್ಕೆ ಇದು ಗೌರವದಂತೆ ಕಾಣುತ್ತದೆ. ನಿಜವಾಗಿ ಇದು ಕೈಬಿಡುವಿಕೆ.

ಇಸ್ಲಾಮಿನ ಇತಿಹಾಸ ಇದಕ್ಕೆ ತದ್ವಿರುದ್ಧವಾಗಿದೆ. ಮದೀನಾದ ಮಸೀದಿಗೆ ಸೇರಿದಂತಿದ್ದ ‘ಸುಫ್ಫಾ’ ಎಂಬ ಜಗಲಿ ಮಕ್ಕಳ ಶಾಲೆಯಾಗಿರಲಿಲ್ಲ. ಅಲ್ಲಿ ಕುಳಿತು ಕಲಿತವರು ಬೆಳೆದವರು. ಅವರಿಗೆ ಉಬಾದಾ ಬಿನ್ ಸ್ವಾಮಿತ್(ರ)ರು ಬರಹವನ್ನು ಕಲಿಸುತ್ತಿದ್ದರೆಂಬುದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಪ್ರವಾದಿ(ಸ)ರ ಪತ್ನಿ ಹಫ್ಸಾ(ರ)ರಿಗೆ ಬರಹ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ. ಅನುಚರರು ದೊಡ್ಡ ಪ್ರಾಯದಲ್ಲಿಯೇ ವಿದ್ಯೆ ಕಲಿತವರೆಂಬುದನ್ನು ಇಮಾಮ್ ಬುಖಾರಿಯವರು ಜ್ಞಾನದ ಅಧ್ಯಾಯದಲ್ಲಿ ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಶಾಫಿಈ ಕರ್ಮಶಾಸ್ತ್ರದ ಮಹಾನ್ ವಿದ್ವಾಂಸ ಅಬೂಬಕರ್ ಅಲ್ ಕಫ್ಫಾಲ್ ಅವರು ಮೂವತ್ತರ ಪ್ರಾಯದವರೆಗೆ ಬೀಗ ಮಾಡುವ ಕಸುಬುದಾರರಾಗಿದ್ದರು. ಓದಿಗೆ ಕುಳಿತದ್ದು ಆ ಬಳಿಕ. ಇಷ್ಟೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಇಶಾ ನಮಾಝಿನ ಬಳಿಕ ಮಸೀದಿಯ ಸಭಾಂಗಣಕ್ಕೆ ಬೀಗ ಜಡಿದು ಕೀಲಿಯನ್ನು ಕಿಸೆಗೆ ಹಾಕಿಕೊಳ್ಳುತ್ತೇವೆ.

ಇಲ್ಲಿ ಒಂದು ಮಹತ್ವದ ಅಂಶವನ್ನು ಗಮನಕ್ಕೆ ತರಬಯಸುತ್ತೇವೆ. ಮದ್ರಸದಲ್ಲಿ ಕಾಯಿದಾ ಹಿಡಿದು ಕುಳಿತವರಿಗೆಲ್ಲ ಇದರ ಅನುಭವವಿದೆ. ‘ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು’ ಎಂದು ರಾಗವಾಗಿ ಹೇಳಿ ಕಲಿತ ಪಾಠ ಅದು. ಒಂದು ಅಕ್ಷರ, ಅದರ ಮೇಲೋ ಕೆಳಗೋ ಒಂದು ಗುರುತು, ಗುರುತು ಬದಲಾದಂತೆ ಬದಲಾಗುವ ಸ್ವರ. ಕನ್ನಡದ ಕಾಗುಣಿತವೂ ಇದೇ ಅಲ್ಲವೇ? ‘ಬ, ಬಾ, ಬಿ, ಬೀ, ಬು, ಬೂ.’ ಅಕ್ಷರ ಒಂದೇ; ತಲೆಕಟ್ಟು, ದೀರ್ಘ, ಗುಡಿಸು, ಕೊಂಬು ಸೇರಿದಂತೆ ಸ್ವರ ಬೇರೆ. ಅರಬಿಯಲ್ಲಿ ಒಂದೇ ಅಕ್ಷರ ಪದದ ಆರಂಭದಲ್ಲಿ ಒಂದು ರೂಪ, ನಡುವೆ ಇನ್ನೊಂದು ರೂಪ, ಕೊನೆಯಲ್ಲಿ ಮತ್ತೊಂದು ರೂಪ ತಾಳುತ್ತದೆ. ಅದನ್ನು ಅರಗಿಸಿಕೊಂಡ ಕಣ್ಣಿಗೆ ಕನ್ನಡದ ಒತ್ತಕ್ಷರ ಭಯ ಹುಟ್ಟಿಸಬೇಕಾಗಿಲ್ಲ. ಬಲದಿಂದ ಎಡಕ್ಕೆ ಓಡುತ್ತಿದ್ದ ದೃಷ್ಟಿಯನ್ನು ಎಡದಿಂದ ಬಲಕ್ಕೆ ತಿರುಗಿಸಬೇಕು, ಅಷ್ಟೆ.

ಆದ್ದರಿಂದ ರಾಜೂರದ ಆ ಅಜ್ಜಿ ಖಾಲಿ ಹಲಗೆಯಲ್ಲ. ಅಕ್ಷರವೆಂದರೆ ಧ್ವನಿಯ ಗುರುತು ಎಂಬ ಮೊದಲ ಪಾಠವನ್ನು ಅವರು ಏಳನೇ ವಯಸ್ಸಿನಲ್ಲಿಯೇ ಮುಗಿಸಿದ್ದಾರೆ. ಮೇಲಾಗಿ ಕನ್ನಡ ಅವರಿಗೆ ಪರಭಾಷೆಯಲ್ಲ. ಮನೆಯೊಳಗೆ ಉರ್ದು ಆಡಿದರೂ ಹೊಲದಲ್ಲಿ, ಸಂತೆಯಲ್ಲಿ, ನೆರೆಮನೆಯಲ್ಲಿ ಆಡಿದ್ದು ಈ ನೆಲದ ಕನ್ನಡವನ್ನೇ. ಮಾತು ಬರುತ್ತದೆ, ಅಕ್ಷರ ಹಿಡಿಯುವ ರೀತಿಯೂ ಗೊತ್ತಿದೆ. ಎರಡನ್ನೂ ಜೋಡಿಸುವವರು ಮಾತ್ರ ಬೇಕು. ಮದ್ರಸದ ಪಾಠವನ್ನೂ ಶಾಲೆಯ ಕನ್ನಡವನ್ನೂ ಬಲ್ಲ ನಮ್ಮ ಹೆಣ್ಣುಮಕ್ಕಳು ಇಂದು ಊರೂರಿನಲ್ಲಿದ್ದಾರೆ. ಈ ಕೆಲಸಕ್ಕೆ ಅವರಿಗಿಂತ ಯೋಗ್ಯ ಶಿಕ್ಷಕಿಯರು ಎಲ್ಲಿ ಸಿಗುತ್ತಾರೆ?

ಅಷ್ಟಕ್ಕೂ, ಎಪ್ಪತ್ತರ ಪ್ರಾಯದಲ್ಲಿ ಕನ್ನಡ ಕಲಿತು ಏನಾಗಬೇಕಿದೆ ಎಂದು ಕೇಳುವವರಿದ್ದಾರೆ. ಆಗಬೇಕಾದದ್ದು ಬಹಳ ಇದೆ. ಬಸ್ಸಿನ ಬೋರ್ಡು, ಪಡಿತರ ಚೀಟಿ, ಔಷಧಿಯ ಚೀಟಿ, ಪಹಣಿ, ಕಚೇರಿಯ ನೋಟಿಸು ಎಲ್ಲವೂ ಓದು ಬಲ್ಲವರಿಗಾಗಿಯೇ ಇವೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದಾಗ ತಿಂಗಳಿಗೆ ಎರಡು ಸಾವಿರ ರೂಪಾಯಿ ಮನೆಯೊಡತಿಯ ಖಾತೆಗೆ ಬಂತು. ಬಂದ ಸಂದೇಶವನ್ನು ಓದಲು ಮಾತ್ರ ಮೊಮ್ಮಗ ಶಾಲೆಯಿಂದ ಬರುವವರೆಗೆ ಕಾಯಬೇಕು. ಬ್ಯಾಂಕಿನ ಹೆಸರಿನಲ್ಲಿ ಕರೆ ಮಾಡಿ ಓಟಿಪಿ ಕೇಳುವ ವಂಚಕರಿಗೆ ಓದಲು ಬಾರದ ವೃದ್ಧರಿಗಿಂತ ಸುಲಭದ ಬಲಿ ಬೇರೆ ಯಾರಿದ್ದಾರೆ?

ಇನ್ನೊಂದು ಉದಾಹರಣೆ. 2025ರಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆ ಬಂತು. ಜೂನ್ 6ರಂದು ‘ಉಮೀದ್’ ಎಂಬ ಪೋರ್ಟಲ್ ಆರಂಭಗೊಂಡು, ವಕ್ಫ್ ಆಸ್ತಿಗಳ ವಿವರಗಳನ್ನು ಆರು ತಿಂಗಳೊಳಗೆ ದಾಖಲಿಸಬೇಕೆಂದು ಸೂಚಿಸಲಾಯಿತು. ಕಾಯ್ದೆಯ ಸರಿತಪ್ಪುಗಳ ಚರ್ಚೆ ಬೇರೆಯೇ ಇದೆ. ಆದರೆ ಆ ದಿನಗಳಲ್ಲಿ ಹಳ್ಳಿಯ ಕಬರಸ್ತಾನದ ಎಲ್ಲೆ ಯಾವ ಮರದಿಂದ ಯಾವ ಹಳ್ಳದವರೆಗೆ, ಮಸೀದಿಗೆ ಜಮೀನು ಕೊಟ್ಟವರಾರು ಎಂಬುದೆಲ್ಲ ಬಾಯಿಮಾತಿನಲ್ಲಿ ಹೇಳಬಲ್ಲವರು ಊರಿನ ಹಿರಿಯರೇ. ಅವರ ನೆನಪಿನಲ್ಲಿದ್ದದ್ದು ಕಾಗದಕ್ಕೆ ಇಳಿದಿರಲಿಲ್ಲ. ಕಾಗದದಲ್ಲಿದ್ದದ್ದನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಹಿರಿಯರ ಅನಕ್ಷರತೆಯ ಬೆಲೆಯನ್ನು ಹಿರಿಯರಷ್ಟೇ ತೆರುವುದಿಲ್ಲ, ಇಡೀ ಜಮಾಅತ್ ತೆರುತ್ತದೆ.

ಇದು ಸಾಧ್ಯವೇ ಎಂಬ ಸಂಶಯಕ್ಕೆ ನೆರೆಯ ಕೇರಳ ಉತ್ತರ ನೀಡಿದೆ. 1991ರ ಎಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ಕೇರಳವು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದವರು ಸಾಕ್ಷರತಾ ತರಗತಿಯಲ್ಲಿ ಹೊಸದಾಗಿ ಅಕ್ಷರ ಕಲಿತಿದ್ದ ಮಲಪ್ಪುರಂನ ಚೇಲಕ್ಕೋಡನ್ ಆಯಿಷಾ ಎಂಬ ಹಿರಿಯ ಮುಸ್ಲಿಂ ಮಹಿಳೆ. ಅದೇ ಜಿಲ್ಲೆಯ ತಿರೂರಂಗಾಡಿಯ ಕೆ.ವಿ. ರಾಬಿಯಾ ಅವರು ಪೋಲಿಯೊದಿಂದಾಗಿ ಗಾಲಿಕುರ್ಚಿಯಲ್ಲಿದ್ದುಕೊಂಡೇ 1990ರಲ್ಲಿ ತನ್ನೂರಿನ ಎಲ್ಲ ಪ್ರಾಯದವರಿಗೂ ಅಕ್ಷರ ಕಲಿಸಲು ಹೊರಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2025ರಲ್ಲಿ ಅವರು ನಿಧನರಾದರು. 2018ರಲ್ಲಿ ಅದೇ ರಾಜ್ಯದ ಕಾರ್ತ್ಯಾಯಿನಿ ಅಮ್ಮ 96ನೇ ಪ್ರಾಯದಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಗಳಿಸಿದರು. ಅಲ್ಲಿ ಆದದ್ದು ಇಲ್ಲಿ ಆಗದಿರಲು ಕಾರಣ ವಯಸ್ಸಲ್ಲ, ನಮ್ಮ ಅಸಡ್ಡೆ.

ಹಾಗಿದ್ದರೆ ರಾಜೂರದಂಥ ಊರಿನಲ್ಲಿ ಮುಂಬರುವ ತಿಂಗಳುಗಳಲ್ಲಿ ಏನು ನಡೆಯಬೇಕು? ಮೊದಲು ರೋಣ ತಾಲೂಕಿನಲ್ಲಿದ್ದು, ಗಜೇಂದ್ರಗಡ ತಾಲೂಕಾದ ಬಳಿಕ ಅದಕ್ಕೆ ಸೇರಿದ ಊರಿದು. ನಾವು ದೊಡ್ಡ ಸಮಾವೇಶಗಳನ್ನು ಪ್ರಸ್ತಾಪಿಸುತ್ತಿಲ್ಲ. ಸುಗ್ಗಿ ಮುಗಿದು ಹೊಲದ ಕೆಲಸ ಹಗುರಾದಾಗ ಆರಂಭಿಸಬಹುದಾದ ಸಣ್ಣ ಕಾರ್ಯಗಳಷ್ಟನ್ನೇ ಸೂಚಿಸುತ್ತಿದ್ದೇವೆ.

ಮೊದಲನೆಯದಾಗಿ, ಅಕ್ಷರಕ್ಕಿಂತ ಮುಂಚೆ ಕನ್ನಡಕ. ನಲವತ್ತು ದಾಟಿದವರಿಗೆ ಹತ್ತಿರದ ದೃಷ್ಟಿ ಮಂಜಾಗುವುದು ಸಹಜ. ಪೊರೆ ಬಂದ ಕಣ್ಣಿಗೆ ಕಪ್ಪು ಹಲಗೆ ಕಾಣುವುದಿಲ್ಲ. ಕಲಿಯಲಾಗುತ್ತಿಲ್ಲವೆಂದು ತರಗತಿ ಬಿಟ್ಟು ಹೋಗುವವರಲ್ಲಿ ಕಾಣಿಸದೆ ಹೋಗುವವರೂ ಇರುತ್ತಾರೆ. ಆದ್ದರಿಂದ ತರಗತಿಯ ಮೊದಲ ದಿನವೇ ನೇತ್ರ ತಪಾಸಣೆಯ ದಿನವಾಗಲಿ. ಕನ್ನಡಕದ ಖರ್ಚನ್ನು ಜಮಾಅತ್ ವಹಿಸಿಕೊಳ್ಳಲಿ.

ಎರಡನೆಯದಾಗಿ, ಸಮಯ ಮತ್ತು ಸ್ಥಳ. ಹೆಂಗಸರಿಗೆ ಮಧ್ಯಾಹ್ನದ ಊಟ ಮುಗಿದು ಅಸರ್‌ವರೆಗಿನ ಒಂದು ಗಂಟೆ, ಗಂಡಸರಿಗೆ ಇಶಾದ ಬಳಿಕ ಒಂದು ಗಂಟೆ. ಮಸೀದಿಗೆ ಹೊಂದಿಕೊಂಡ ಮದ್ರಸದ ಕೋಣೆ, ಶಾದಿಮಹಲ್, ಇವೆರಡೂ ಇಲ್ಲದಲ್ಲಿ ಯಾವುದಾದರೂ ಮನೆಯ ಪಡಸಾಲೆ ಸಾಕು. ಸೊಸೆಯ ಮುಂದೆ ಅಕ್ಷರ ತಪ್ಪಾದೀತೆಂಬ ನಾಚಿಕೆ ಅತ್ತೆಯಂದಿರಿಗೆ ಇರುತ್ತದೆ, ಅದನ್ನು ಗೌರವಿಸೋಣ. ಹತ್ತು ಮಂದಿಗಿಂತ ಹೆಚ್ಚಿನವರು ಒಂದು ಗುಂಪಿನಲ್ಲಿ ಬೇಡ. ಮೊದಲು ಕಲಿಸುವುದು ‘ಅ ಆ’ ಆಗಬೇಕಿಲ್ಲ, ಅವರವರ ಹೆಸರಾಗಲಿ. ತನ್ನ ಹೆಸರನ್ನು ತಾನೇ ಬರೆದ ಹಿರಿಯರು ಎರಡನೇ ದಿನವೂ ಬರುತ್ತಾರೆ.

ಮೂರನೆಯದಾಗಿ, ಸರಕಾರದ ಯೋಜನೆಯನ್ನು ಬಿಟ್ಟುಕೊಡುವುದು ಬೇಡ. ಊರಿನ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಹಿರಿಯರ ಹೆಸರುಗಳನ್ನು ನೋಂದಾಯಿಸಬೇಕು. ಪಟ್ಟಿಯಲ್ಲಿ 35 ದಾಟಿದವರನ್ನು ಕೈಬಿಡಬಾರದೆಂದು ಗ್ರಾಮ ಸಭೆಯಲ್ಲಿ ಲಿಖಿತವಾಗಿ ಕೇಳಬೇಕು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳನ್ನು ರಾಜ್ಯದಲ್ಲಿ ಈಗ ‘ಅರಿವು ಕೇಂದ್ರ’ಗಳೆಂದು ಕರೆಯಲಾಗುತ್ತಿದೆ. ಅವುಗಳ ಬಾಗಿಲಿನೊಳಗೆ ನಮ್ಮ ಹಿರಿಯರು ಕಾಲಿಡಬೇಕು. ವಾರಕ್ಕೊಂದು ದಿನ ಅಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಕೂಟ ನಡೆದರೆ ಹಿಂದೂ, ಮುಸ್ಲಿಂ ಎನ್ನದೆ ಊರಿನ ವೃದ್ಧರೆಲ್ಲ ಒಟ್ಟಿಗೆ ಕುಳಿತಾರು. ಮೊಹರಮ್ಮಿನಲ್ಲಿಯೂ ಜಾತ್ರೆಯಲ್ಲಿಯೂ ಜೊತೆಗೂಡುತ್ತಾ ಬಂದ ಈ ಸೀಮೆಯ ಹಿರಿಯರಿಗೆ ಒಂದೇ ಬೆಂಚು ಹೊಸತಲ್ಲ. ಅನುಮಾನದ ಗೋಡೆಗಳನ್ನು ಎಬ್ಬಿಸುವ ರಾಜಕಾರಣಕ್ಕೆ ಇದಕ್ಕಿಂತ ಮೌನವಾದ, ಇದಕ್ಕಿಂತ ಗಟ್ಟಿಯಾದ ಉತ್ತರ ಇನ್ನೊಂದಿಲ್ಲ.

ನಾಲ್ಕನೆಯದಾಗಿ, ಹಿರಿಯರು ಕಲಿಯುವವರಷ್ಟೇ ಅಲ್ಲ, ಕಲಿಸುವವರೂ ಆಗಬೇಕು. ಕೌದಿ ಹೊಲಿಯುವ ಕೈಗಳು ನಮ್ಮ ನಡುವೆ ಕಡಿಮೆಯಾಗುತ್ತಿವೆ. ಎರೆಹೊಲದಲ್ಲಿ ಕಡಲೆ, ಜೋಳ ಬಿತ್ತುವ ಹದವನ್ನು ಮಣ್ಣು ಮುಟ್ಟಿ ಹೇಳುವವರು ಕಡಿಮೆಯಾಗುತ್ತಿದ್ದಾರೆ. ಊರಿನ ಬರಗಾಲದ ನೆನಪು, ಮದುವೆಯ ಹಾಡು, ಹಳೆಯ ಕುಟುಂಬಗಳ ಸಂಬಂಧ ಎಲ್ಲವೂ ಅವರಲ್ಲಿವೆ. ತಿಂಗಳಿಗೊಂದು ದಿನ ಮದ್ರಸದ ಮಕ್ಕಳ ಮುಂದೆ ಒಬ್ಬ ಹಿರಿಯರನ್ನು ಕೂರಿಸಿ, ಅವರು ಹೇಳಿದ್ದನ್ನು ಮಕ್ಕಳು ಕನ್ನಡದಲ್ಲಿ ಬರೆದುಕೊಳ್ಳಲಿ. ಅದೇ ಬರಹ ಹಿರಿಯರ ಮುಂದಿನ ಓದಿನ ಪಾಠವಾಗಲಿ. ತಾನು ಹೇಳಿದ ಮಾತನ್ನು ತಾನೇ ಓದುವುದಕ್ಕಿಂತ ಸುಲಭದ ಪಠ್ಯ ಯಾವುದಿದೆ?

ಇದರಿಂದ ಆರೋಗ್ಯಕ್ಕೂ ಲಾಭವಿದೆ. ಮರೆವಿನ ಕಾಯಿಲೆಯ ಬಗ್ಗೆ ಅಧ್ಯಯನ ನಡೆಸಿದ ಲ್ಯಾನ್ಸೆಟ್ ಆಯೋಗವು 2024ರಲ್ಲಿ ನಿವಾರಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಶಿಕ್ಷಣದ ಕೊರತೆ, ಒಂಟಿತನ, ಚಿಕಿತ್ಸೆ ಕಾಣದ ದೃಷ್ಟಿದೋಷ, ಕಿವುಡು ಇವೆಲ್ಲ ಅದರಲ್ಲಿವೆ. ಹತ್ತು ಮಂದಿ ಸೇರುವ ತರಗತಿಯು ಅಕ್ಷರದ ಜೊತೆಗೆ ಒಂಟಿತನಕ್ಕೂ ಮದ್ದಾಗುತ್ತದೆ.

ಮಸೀದಿಯಲ್ಲಿ ಕನ್ನಡವೇ ಎಂದು ಹುಬ್ಬೇರಿಸುವವರು ನಮ್ಮಲ್ಲಿ ಇಲ್ಲದಿಲ್ಲ. ಉರ್ದುವಿನ ಮೇಲಿನ ಅವರ ಪ್ರೀತಿಯನ್ನು ನಾವು ಗೌರವಿಸುತ್ತೇವೆ. ಉರ್ದು ಕಲಿಯಬಯಸುವ ಹಿರಿಯರಿಗೆ ಅದನ್ನೂ ಕಲಿಸೋಣ. ಆದರೆ ಪಹಣಿ ಇರುವುದು ಕನ್ನಡದಲ್ಲಿ, ಬಸ್ಸಿನ ಬೋರ್ಡಿರುವುದು ಕನ್ನಡದಲ್ಲಿ, ತಹಶೀಲ್ದಾರರ ನೋಟಿಸು ಬರುವುದು ಕನ್ನಡದಲ್ಲಿ. ತಾಯಿಯೊಬ್ಬಳ ಪರಾವಲಂಬನೆಯನ್ನು ಭಾಷಾಭಿಮಾನದ ಹೆಸರಿನಲ್ಲಿ ಮುಂದುವರಿಸುವುದು ಯಾವ ಧರ್ಮಪ್ರಜ್ಞೆ?

ಸರಕಾರದ ಯೋಜನೆಗಳಿಗೆ ಅವಧಿಯಿದೆ. ಒಂದು ಮುಗಿದಾಗ ಇನ್ನೊಂದು ಹೆಸರಿನಲ್ಲಿ ಮತ್ತೊಂದು ಬರುತ್ತದೆ, ಬಾರದೆಯೂ ಇರಬಹುದು. ಮಸೀದಿಯ ಜಗಲಿ ಮಾತ್ರ ಅಲ್ಲೇ ಇರುತ್ತದೆ. ಮುತವಲ್ಲಿಗಳೇ, ಕಮಿಟಿಯ ಸದಸ್ಯರೇ, ಪೇಶ್ ಇಮಾಮರೇ, ಮುಂದಿನ ಶುಕ್ರವಾರ ಖುತ್ಬಾದ ಬಳಿಕ ಒಂದು ನಿಮಿಷದ ಪ್ರಕಟಣೆ ಸಾಕು: ನಮ್ಮಲ್ಲಿ ಹಿರಿಯರಿಗೆ ತರಗತಿ ಆರಂಭವಾಗುತ್ತದೆ, ಹೆಸರು ಕೊಡಿ. ಮನೆಯ ಹೆಂಗಸರಿಗೆ ಈ ಸುದ್ದಿ ಮುಟ್ಟಿಸುವ ಹೊಣೆ ಗಂಡುಮಕ್ಕಳದ್ದು.

ಬ್ಯಾಂಕಿನಲ್ಲಿ ಕಂಡ ಆ ತಾಯಿ ಮುಂದಿನ ತಿಂಗಳೂ ಬರುತ್ತಾರೆ, ಅದರ ಮುಂದಿನ ತಿಂಗಳೂ ಬರುತ್ತಾರೆ. ಅವರ ಹೆಸರಿನಲ್ಲಿರುವುದು ನಾಲ್ಕೇ ಅಕ್ಷರ. ಅವುಗಳನ್ನು ಕಲಿಯಲು ಅವರಿಗೆ ಒಂದು ವಾರ ಸಾಕಾದೀತು. ಅರವತ್ತು ವರ್ಷಗಳಲ್ಲಿ ಆ ಒಂದು ವಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಇನ್ನಾದರೂ ನಾವು ಕೊಡೋಣ.